ಡಿಸ್ಕೌಂಟ್ ಕಮ್ಮಿ, ಆದರೂ ನಮ್ಮನೆ ಔಷಧಿ ಇಲ್ಲಿಂದಲೇ: ಕುವೆಂಪುನಗರದ ಒಂದು ಮೆಡಿಕಲ್ಸ್

ಮೊದಲೇ ಹೇಳಿಬಿಡುತ್ತೇನೆ, ಈ ಅಂಗಡಿಯಲ್ಲಿ ಇಪ್ಪತ್ತು ಪರ್ಸೆಂಟ್ ಡಿಸ್ಕೌಂಟ್ ಬೋರ್ಡ್ ಇಲ್ಲ. ಆ್ಯಪ್ ಇಲ್ಲ. ಮನೆಗೆ ತಂದುಕೊಡುವ ಹುಡುಗನೂ ಇಲ್ಲ. ಮೈಸೂರು ಕುವೆಂಪುನಗರದಲ್ಲಿ, ಮುಖ್ಯರಸ್ತೆಯಿಂದ ಸ್ವಲ್ಪ ಒಳಗೆ, ಗಂಡ ಹೆಂಡತಿ ಇಬ್ಬರೇ ನಡೆಸುವ ಚಿಕ್ಕ ಮೆಡಿಕಲ್ಸ್ ಇದು. ಹೆಸರು ಹಾಕಬೇಡಿ ಅಂತ ಅವರೇ ಕೇಳಿಕೊಂಡರು, ಅದಕ್ಕೇ ಹಾಕುತ್ತಿಲ್ಲ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಮೆಡಿಕಲ್ ಶಾಪ್ ಬಗ್ಗೆ ನಾವು ಬರೆಯುವ ರಿವ್ಯೂಗಳಲ್ಲಿ ಬರೀ ರೇಟು, ಪಾರ್ಕಿಂಗು, ಸ್ಟಾಫ್ ನಗುನಗುತ್ತಾ ಮಾತಾಡಿಸಿದರಾ ಅನ್ನೋದೇ ಇರುತ್ತೆ. ಔಷಧಿಯನ್ನು ಹೇಗೆ ಇಟ್ಟಿದ್ದಾರೆ, ಯಾರು ಕೊಡುತ್ತಿದ್ದಾರೆ, ಏನನ್ನು ಕೊಡಲ್ಲ ಅನ್ನುತ್ತಾರೆ, ಇದನ್ನು ಯಾರೂ ಬರೆಯಲ್ಲ. ನನಗೆ ಮುಖ್ಯ ಅನ್ನಿಸುವುದು ಅದೇ.

ನಮ್ಮ ಮನೆಯಲ್ಲಿ ಅಮ್ಮನಿಗೆ ಶುಗರ್, ಬಿಪಿ, ಥೈರಾಯ್ಡ್ ಮೂರೂ ಇವೆ. ಅಕ್ಕನ ಮಗು ಇನ್ನೂ ಚಿಕ್ಕದು. ಹಾಗಾಗಿ ತಿಂಗಳಿಗೊಮ್ಮೆಯಾದರೂ ಈ ಕೌಂಟರ್ ಮುಂದೆ ನಿಂತೇ ನಿಲ್ಲುತ್ತೇನೆ.

ಒಳಗೆ ಕಾಲಿಟ್ಟರೆ ಎಡಗಡೆ ಗೋಡೆಯ ಮೇಲೆ ಔಷಧಿ ಮಾರುವ ಲೈಸೆನ್ಸ್‌ಗಳು, ಫಾರಂ 20 ಮತ್ತು ಫಾರಂ 21, ಫ್ರೇಮ್ ಹಾಕಿ ನೇತುಹಾಕಿದ್ದಾರೆ. ಪಕ್ಕದಲ್ಲಿ ಕರ್ನಾಟಕ ರಾಜ್ಯ ಫಾರ್ಮಸಿ ಕೌನ್ಸಿಲ್‌ನ ರಿಜಿಸ್ಟ್ರೇಷನ್ ಸರ್ಟಿಫಿಕೇಟ್. ಅದರಲ್ಲಿರುವ ಹೆಸರೂ ಕೌಂಟರ್‌ನಲ್ಲಿರುವ ಮೇಡಂ ಬಿಳಿ ಕೋಟಿನ ಬ್ಯಾಡ್ಜ್ ಮೇಲಿರುವ ಹೆಸರೂ ಒಂದೇ. ಇದರಲ್ಲೇನು ವಿಶೇಷ ಅಂತ ಕೇಳಬಹುದು. ವಿಶೇಷ ಇದೆ. ರಿಜಿಸ್ಟರ್ ಆದ ಫಾರ್ಮಸಿಸ್ಟ್ ಅಲ್ಲದವರು ಡಾಕ್ಟರ್ ಚೀಟಿಗೆ ಔಷಧಿ ಕೊಡಬಾರದು ಅಂತ 1948ರ ಫಾರ್ಮಸಿ ಕಾಯ್ದೆಯೇ ಹೇಳುತ್ತೆ. ಆದರೆ ಸರ್ಟಿಫಿಕೇಟ್ ಯಾರದೋ, ಅದನ್ನು ಬಾಡಿಗೆಗೆ ತಗೊಂಡು ಅಂಗಡಿ ನಡೆಸುವವರು ಇನ್ಯಾರೋ, ಕೌಂಟರ್‌ನಲ್ಲಿ ನಿಂತು ಶೀಟು ಕತ್ತರಿಸುವ ಹುಡುಗ ಮತ್ತ್ಯಾರೋ, ಹೀಗಿರುವ ಅಂಗಡಿಗಳು ಎಲ್ಲ ಊರಲ್ಲೂ ಇವೆ, ನಾವೂ ನೀವೂ ನೋಡಿದ್ದೇವೆ. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ಅವನ ಕೈಗೆ ಆ ಕೆಲಸ ಕೊಟ್ಟವರ ಮೇಲೆ ಇದೆ. ಫಾರ್ಮಸಿಸ್ಟ್ ಆಗಲು ಓದುವ ಡಿ.ಫಾರ್ಮಾ ಅಂದರೆ ಎರಡು ವರ್ಷದ ಓದು, ಆಮೇಲೆ 500 ಗಂಟೆ ಟ್ರೈನಿಂಗ್. ಅದನ್ನು ಸುಮ್ನೆ ಇಟ್ಟಿಲ್ಲ.

ಇಲ್ಲಿ ಮೇಡಂ ಊಟಕ್ಕೆ ಹೋದರೆ ಚೀಟಿಯ ಔಷಧಿ ಕೊಡಲ್ಲ. ಯಜಮಾನರು ಕೂತಿರುತ್ತಾರೆ, ಹತ್ತಿ, ಬ್ಯಾಂಡೇಜ್, ಓಆರ್‌ಎಸ್, ಡಯಾಪರ್ ಬೇಕಾದರೆ ಕೊಡುತ್ತಾರೆ. ಚೀಟಿ ತೋರಿಸಿದರೆ "ಅರ್ಧ ಗಂಟೆ ಬಿಟ್ಟು ಬನ್ನಿ ಸರ್, ಅವ್ರು ಬರ್ತಾರೆ" ಅನ್ನುತ್ತಾರೆ. ಕೆಲವರಿಗೆ ಇದು ಕಿರಿಕಿರಿ. ನನಗೂ ಬಿಸಿಲಲ್ಲಿ ವಾಪಸ್ ಬರುವಾಗ ಖುಷಿಯೇನೂ ಆಗಲಿಲ್ಲ. ಆದರೆ ಅವರು ಮಾಡುತ್ತಿರುವುದೇ ಸರಿ.

ಅಮ್ಮನ ಬಿಪಿ ಮಾತ್ರೆಯ ವಿಷಯ ಹೇಳುತ್ತೇನೆ, ಫಾರ್ಮಸಿಸ್ಟ್ ಯಾಕೆ ಬೇಕು ಅಂತ ಗೊತ್ತಾಗುತ್ತೆ. ಹೋದ ಸಲ ಡಾಕ್ಟರ್ ಚೀಟಿಯಲ್ಲಿ ಟೆಲ್ಮಾ 40 ಅಂತ ಬರೆದಿದ್ದರು, ಮುಂದೆ ಒಂದು ಗೀಟು. ಆ ಗೀಟು ಎಚ್ ಆಗಿರಬಹುದು, ಪೆನ್ನು ಜಾರಿದ್ದೂ ಆಗಿರಬಹುದು. ಬರೀ ಟೆಲ್ಮಾ ಅಂದರೆ ಟೆಲ್ಮಿಸಾರ್ಟನ್ ಒಂದೇ. ಟೆಲ್ಮಾ ಎಚ್ ಅಂದರೆ ಅದರ ಜೊತೆ ಹೈಡ್ರೋಕ್ಲೋರೋಥಯಾಜೈಡ್, ಅಂದರೆ ಮೂತ್ರ ಜಾಸ್ತಿ ಮಾಡಿಸಿ ಬಿಪಿ ಇಳಿಸುವ ಔಷಧಿ. ಟೆಲ್ಮಾ ಎಎಂ ಅಂದರೆ ಆಮ್ಲೋಡಿಪಿನ್ ಸೇರಿದ್ದು. ಮೂರೂ ಬೇರೆ ಬೇರೆ. ಮೇಡಂ ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿದರು. "ಅಮ್ಮ ಈಗ ತಗೊಳ್ತಿರೋ ಶೀಟ್ ಫೋಟೋ ತರಿಸ್ತೀರಾ?" ಅಂದರು. ಮನೆಯಿಂದ ಫೋಟೋ ಬಂತು, ಅದರಲ್ಲಿ ಎಚ್ ಇರಲಿಲ್ಲ. ಇನ್ಯಾರಾದರೂ ಆಗಿದ್ದರೆ ಹಳೇದನ್ನೇ ಕೊಟ್ಟು ಕಳಿಸುತ್ತಿದ್ದರು. ಇವರು ಕ್ಲಿನಿಕ್‌ಗೆ ಫೋನ್ ಮಾಡಿದರು. ಹೊರಗೆ ಜನ ಕಾಯುತ್ತಿದ್ದರು, ಆದರೂ ಲೈನ್ ಸಿಗುವವರೆಗೂ ಬಿಡಲಿಲ್ಲ. ಡಾಕ್ಟರ್ ಹೊಸದಾಗಿ ಎಚ್ ಸೇರಿಸಿದ್ದರು, ಬಿಪಿ ಇಳಿಯುತ್ತಿಲ್ಲ ಅಂತ. ಮೇಡಂ ಚೀಟಿಯ ಮೇಲೆ ಎಚ್ ಅಂತ ಸ್ಪಷ್ಟವಾಗಿ ಬರೆದು, ಡಾಕ್ಟರ್ ಜೊತೆ ಮಾತಾಡಿದ್ದು ಅಂತ ಸಣ್ಣದಾಗಿ ಸೇರಿಸಿ, ತಾರೀಖು ಹಾಕಿ, ಅಂಗಡಿ ಸೀಲು ಒತ್ತಿದರು. ಆಮೇಲೆ ಎರಡು ಮಾತು ಹೇಳಿದರು. "ಬೆಳಗ್ಗೆ ತಗೊಳ್ಳಲಿ, ರಾತ್ರಿ ತಗೊಂಡ್ರೆ ಪದೇ ಪದೇ ಬಾತ್‌ರೂಮಿಗೆ ಏಳ್ಬೇಕಾಗುತ್ತೆ, ವಯಸ್ಸಾದೋರು ಕತ್ತಲಲ್ಲಿ ಬೀಳ್ತಾರೆ. ಮನೇಲಿ ಉಳಿದಿರೋ ಹಳೇ ಶೀಟ್ ಪಕ್ಕಕ್ಕೆ ಎತ್ತಿಡಿ, ಇದ್ರ ಜೊತೆ ಅದನ್ನೂ ನುಂಗಿಬಿಟ್ರೆ ಡಬಲ್ ಆಗುತ್ತೆ."

ಈ ಎರಡನೇ ಮಾತು ಕ್ಲಿನಿಕ್‌ನಲ್ಲಿ ಯಾರೂ ಹೇಳಿರಲಿಲ್ಲ. ಹಳೇ ಶೀಟ್ ಮುಗಿಸಿಬಿಡೋಣ, ದುಡ್ಡು ಕೊಟ್ಟಿದ್ದೇವಲ್ಲ ಅನ್ನುವುದು ನಮ್ಮ ಅಮ್ಮಂದಿರ ಅಭ್ಯಾಸ, ಅಲ್ವಾ.

ಥೈರಾಯ್ಡ್ ಮಾತ್ರೆಗೂ ಹೀಗೇ. ಅಮ್ಮ ಬೆಳಗ್ಗೆ ಖಾಲಿ ಹೊಟ್ಟೆಗೆ ಅದನ್ನು ತಗೊಂಡು, ಕಾಫಿ ಕುಡಿದು, ತಿಂಡಿ ಜೊತೆಗೆ ಕ್ಯಾಲ್ಸಿಯಂ ಮಾತ್ರೆ ನುಂಗುತ್ತಿದ್ದರು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ಹತ್ತಿರ ಹತ್ತಿರ ತಗೊಂಡರೆ ಥೈರಾಯ್ಡ್ ಮಾತ್ರೆ ಮೈಗೆ ಸರಿಯಾಗಿ ಹಿಡಿಯಲ್ಲ, ನಾಲ್ಕು ಗಂಟೆ ಗ್ಯಾಪ್ ಇರಬೇಕು. ಇದನ್ನು ಕಂಡುಹಿಡಿದವರು ಮೇಡಂ, ಎರಡೂ ಒಂದೇ ಬಿಲ್‌ನಲ್ಲಿ ಇದ್ದದ್ದು ನೋಡಿ ಕೇಳಿದ್ದರಿಂದ. ಈಗ ಕ್ಯಾಲ್ಸಿಯಂ ಮಧ್ಯಾಹ್ನದ ಊಟದ ಮೇಲೆ.

ಇನ್ನು ಫ್ರಿಜ್. ಮೆಡಿಕಲ್ ಶಾಪ್‌ಗೆ ಹೋದಾಗ ನಾನು ಈಗ ಮೊದಲು ನೋಡುವುದೇ ಅದನ್ನ. ಇನ್ಸುಲಿನ್, ಲಸಿಕೆ, ಕೆಲವು ಕಣ್ಣಿನ ಡ್ರಾಪ್ಸ್ ಇವೆಲ್ಲ 2ರಿಂದ 8 ಡಿಗ್ರಿ ಒಳಗೆ ಇರಬೇಕು. ಇಲ್ಲಿ ಫ್ರಿಜ್ ಬಾಗಿಲ ಮೇಲೆ ಡಿಜಿಟಲ್ ಥರ್ಮಾಮೀಟರ್ ಇದೆ, ಹೊರಗಿನಿಂದಲೇ ಕಾಣುತ್ತೆ. ಪಕ್ಕದಲ್ಲಿ ದಾರ ಕಟ್ಟಿದ ನೋಟ್‌ಬುಕ್, ಬೆಳಗ್ಗೆ ಸಂಜೆ ಎರಡು ಹೊತ್ತು ಡಿಗ್ರಿ ಬರೆದು ಸಹಿ ಹಾಕುತ್ತಾರೆ. ಒಳಗೆ ನೀರಿನ ಬಾಟ್ಲಿ ಇಲ್ಲ, ಹಾಲಿನ ಪ್ಯಾಕೆಟ್ ಇಲ್ಲ, ಯಾರದೋ ಟಿಫಿನ್ ಬಾಕ್ಸ್ ಇಲ್ಲ. ಡಬ್ಬಿಗಳನ್ನು ಹಿಂದಿನ ಗೋಡೆಗೆ ತಾಗಿಸದೆ, ಗಾಳಿ ಆಡುವ ಹಾಗೆ ಬಿಡಿಬಿಡಿಯಾಗಿ ಇಟ್ಟಿದ್ದಾರೆ. ಕರೆಂಟ್ ಹೋದರೆ ಯುಪಿಎಸ್ ಮೇಲೆ ಮೊದಲು ಓಡುವುದು ಫ್ರಿಜ್, ಆಮೇಲೆ ಬಿಲ್ಲಿಂಗ್ ಕಂಪ್ಯೂಟರ್.

ಇನ್ಸುಲಿನ್ ಕೊಡುವಾಗ ಚಿಕ್ಕ ಐಸ್ ಪ್ಯಾಕ್ ಕೊಡುತ್ತಾರೆ, ಆದರೆ ಬಾಟ್ಲಿಗೆ ನೇರವಾಗಿ ತಾಗಬಾರದು ಅಂತ ಮಧ್ಯೆ ಪೇಪರ್ ಸುತ್ತುತ್ತಾರೆ. ಯಾಕೆಂದರೆ ಇನ್ಸುಲಿನ್ ಬಿಸಿಯಾದರೂ ಕೆಡುತ್ತೆ, ಹೆಪ್ಪುಗಟ್ಟಿದರೂ ಕೆಡುತ್ತೆ. ಒಮ್ಮೆ ಹೆಪ್ಪುಗಟ್ಟಿದ್ದನ್ನು ಕರಗಿಸಿ ಹಾಕಿಕೊಳ್ಳುವ ಹಾಗಿಲ್ಲ, ಎಸೆಯಬೇಕು. ಮನೆಯಲ್ಲಿ ಫ್ರೀಜರ್ ಹತ್ತಿರ ಬೇಡ, ಬಾಗಿಲಲ್ಲೂ ಬೇಡ, ಮಧ್ಯದ ತಟ್ಟೆಯಲ್ಲಿ ಇಡಿ ಅಂತ ಹೇಳಿದ್ದರು. ಓಪನ್ ಮಾಡಿದ ದಿನವನ್ನು ಬಾಟ್ಲಿ ಮೇಲೆ ಬರೆಯಿರಿ ಅಂತಲೂ ಹೇಳಿದ್ದರು, ಶುರು ಮಾಡಿದ ಮೇಲೆ ಸಾಮಾನ್ಯವಾಗಿ 28 ದಿನ ಅಂತ ಲೆಕ್ಕ. ಹಿಂದೆ ಬೇರೆ ಏರಿಯಾದ ಒಂದು ಅಂಗಡಿಯಲ್ಲಿ, ಹೆಸರು ಬೇಡ, ಇನ್ಸುಲಿನ್ ಕೇಳಿದರೆ ಕೌಂಟರ್ ಕೆಳಗಿನ ರಟ್ಟಿನ ಡಬ್ಬಿಯಿಂದ ತೆಗೆದುಕೊಟ್ಟಿದ್ದರು. ಮುಟ್ಟಿದರೆ ಬೆಚ್ಚಗಿತ್ತು. ಕೇಳಿದರೆ "ಈಗ ತಾನೇ ಬಂತು ಸರ್, ಏನಾಗಲ್ಲ" ಅಂದರು. ವಾಪಸ್ ಕೊಟ್ಟು ಬಂದೆ. ಬೆಚ್ಚಗಾದ ಇನ್ಸುಲಿನ್ ನೋಡಲು ಚೆನ್ನಾಗಿರುವುದರ ಹಾಗೇ ಕಾಣುತ್ತೆ, ಅದೇ ಅಪಾಯ. ಅಮ್ಮನ ಶುಗರ್ ಏರಿದರೆ ನಾವು ಅಮ್ಮ ತಿಂದ ಹೋಳಿಗೆಯನ್ನು ಬೈಯುತ್ತೇವೆಯೇ ಹೊರತು ಅಂಗಡಿಯವನ ರಟ್ಟಿನ ಡಬ್ಬಿ ನೆನಪಿಗೆ ಬರಲ್ಲ.

ಫ್ರಿಜ್ ಒಂದೇ ಅಲ್ಲ. ಎಷ್ಟೋ ಮಾತ್ರೆಗಳ ಮೇಲೆ 25 ಡಿಗ್ರಿ ಅಥವಾ 30 ಡಿಗ್ರಿಗಿಂತ ಕೆಳಗೆ ಇಡಿ ಅಂತ ಬರೆದಿರುತ್ತೆ. ಏಪ್ರಿಲ್ ತಿಂಗಳಲ್ಲಿ ಮೈಸೂರಲ್ಲೇ 35 ದಾಟುತ್ತೆ, ಕಲಬುರಗಿ, ರಾಯಚೂರು ಕಡೆ ಕೇಳುವುದೇ ಬೇಡ. ಶೀಟಿನ ಮಾಡು, ಮುಂದೆ ಪೂರ್ತಿ ಗಾಜು, ಮಧ್ಯಾಹ್ನದ ಬಿಸಿಲು ನೇರವಾಗಿ ರ‍್ಯಾಕ್ ಮೇಲೆ, ಇಂಥ ಅಂಗಡಿಯಲ್ಲಿ ಎಕ್ಸ್‌ಪೈರಿ ಡೇಟ್ ಇನ್ನೂ ಎರಡು ವರ್ಷ ಇದ್ದರೂ ಏನು ಪ್ರಯೋಜನ? ಇಲ್ಲಿ ಎಸಿ ಗಾಳಿ ಬೀಸುವುದು ರ‍್ಯಾಕ್‌ಗಳ ಕಡೆಗೆ. ಗಿರಾಕಿಗಳು ನಿಲ್ಲುವ ಜಾಗ ಬಿಸಿಯಾಗೇ ಇರುತ್ತೆ. ನನಗೆ ಅಡ್ಡಿಯಿಲ್ಲ.

ಇಲ್ಲ ಅನ್ನುವುದರಲ್ಲೂ ಇವರು ಗಟ್ಟಿ. ನಾನು ನಿಂತಿದ್ದಾಗಲೇ ಒಬ್ಬ ಹುಡುಗ ಬಂದು "ಗಂಟ್ಲು ನೋವು, ಅಜಿಥ್ರೋಮೈಸಿನ್ 500 ಮೂರು ಕೊಡಿ" ಅಂದ. ಅದು ಆಂಟಿಬಯಾಟಿಕ್, ಚೀಟಿ ಇರಲಿಲ್ಲ. ಮೇಡಂ ಜ್ವರ ಇದೆಯಾ, ಎಷ್ಟು ದಿನದಿಂದ, ನುಂಗೋಕೆ ಆಗುತ್ತಾ ಅಂತ ಕೇಳಿದರು. ಉಪ್ಪು ನೀರಲ್ಲಿ ಗಾರ್ಗಲ್ ಮಾಡಿ, ಪ್ಯಾರಾಸಿಟಮಾಲ್ ಸಾಕು, ಕಮ್ಮಿಯಾಗದಿದ್ದರೆ ಡಾಕ್ಟರ್ ಹತ್ತಿರ ಹೋಗಿ ಅಂದರು. "ಮೂರೇ ಮಾತ್ರೆ ಅಲ್ವಾ ಮೇಡಂ, ಪಕ್ಕದ ಅಂಗಡೀಲಿ ಕೊಡ್ತಾರೆ" ಅಂದ. "ಕೊಡ್ತಾರೆ ಗೊತ್ತು ಕಣಪ್ಪ, ನಾನು ಕೊಡಲ್ಲ" ಅಂದರು. ಅವನು ಪ್ಯಾರಾಸಿಟಮಾಲ್ ಕೂಡ ತಗೊಳ್ಳದೆ ಹೊರಟ. ವ್ಯಾಪಾರ ಹೋಯಿತು. ಯಜಮಾನರು ತಲೆ ಎತ್ತಿಯೂ ನೋಡಲಿಲ್ಲ, ಅವರಿಗೆ ಇದು ದಿನಾ ನಡೆಯುವ ವಿಷಯ.

ಡಬ್ಬಿ ಮೇಲೆ ಆರ್‌ಎಕ್ಸ್ ಅಂತಲೂ, ಡಾಕ್ಟರ್ ಚೀಟಿ ಇದ್ದರೆ ಮಾತ್ರ ಮಾರಬೇಕು ಅಂತಲೂ ಇದ್ದರೆ ಅದು ಶೆಡ್ಯೂಲ್ ಎಚ್ ಔಷಧಿ. ಅದಕ್ಕಿಂತ ಬಿಗಿಯಾದದ್ದು ಎಚ್1, 2014ರ ಮಾರ್ಚ್‌ನಿಂದ ಜಾರಿಯಲ್ಲಿದೆ. ಸೆಫಿಕ್ಸಿಮ್, ಲೆವೋಫ್ಲಾಕ್ಸಸಿನ್ ಥರದ ಆಂಟಿಬಯಾಟಿಕ್‌ಗಳು, ಟಿಬಿ ಔಷಧಿಗಳು, ಆಲ್‌ಪ್ರಜೋಲಮ್, ಟ್ರಮಡಾಲ್ ಹೀಗೆ ಶುರುವಿನಲ್ಲಿ 46 ಔಷಧಿ ಅದರಲ್ಲಿದ್ದವು. ಇವನ್ನು ಮಾರಿದರೆ ಡಾಕ್ಟರ್ ಹೆಸರು, ವಿಳಾಸ, ರೋಗಿಯ ಹೆಸರು, ಔಷಧಿ, ಎಷ್ಟು ಕೊಟ್ಟರು ಅನ್ನುವುದನ್ನು ಬೇರೆ ರಿಜಿಸ್ಟರ್‌ನಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಇಲ್ಲಿ ಆ ಉದ್ದ ಪುಸ್ತಕ ಕೌಂಟರ್ ಮೇಲೇ ಇರುತ್ತೆ. ಅಮ್ಮನಿಗೆ ಒಮ್ಮೆ ಸೆಫಿಕ್ಸಿಮ್ ಬರೆದಿದ್ದಾಗ ನನ್ನ ಎದುರೇ ಬರೆದುಕೊಂಡರು. ಸಂಜೆ ಹೊತ್ತು ಇದರಿಂದ ಕ್ಯೂ ಬೆಳೆಯುತ್ತೆ, ನಿಜ.

ಮುಖಕ್ಕೆ ಹಚ್ಚುವ ಕ್ರೀಮ್ ಕೇಳಿಕೊಂಡು ಬರುವ ಹುಡುಗಿಯರಿಗೂ ಇದೇ ಉತ್ತರ. ಸ್ಟೀರಾಯ್ಡ್ ಸೇರಿದ ಕ್ರೀಮ್‌ಗಳನ್ನು ಬೆಳ್ಳಗಾಗಲು ಹಚ್ಚಿ ಹಚ್ಚಿ ಚರ್ಮ ತೆಳುವಾಗಿ, ಕೆಂಪಾಗಿ, ಬಿಸಿಲಿಗೆ ಹೋದರೆ ಉರಿಯುವ ಹಾಗೆ ಮಾಡಿಕೊಂಡವರನ್ನು ನಾನೇ ನೋಡಿದ್ದೇನೆ. ಚೀಟಿ ಇಲ್ಲದೆ ಇವರು ಕೊಡಲ್ಲ.

ಮಕ್ಕಳ ಔಷಧಿ ವಿಷಯದಲ್ಲಿ ಮೇಡಂ ಇನ್ನೂ ಜೋರು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಕೋಲ್ಡ್ರಿಫ್ ಅನ್ನುವ ಕೆಮ್ಮಿನ ಸಿರಪ್ ಕುಡಿದು ಕಿಡ್ನಿ ಕೆಟ್ಟು ಮಕ್ಕಳು ಸತ್ತರಲ್ಲ, ಅದರಲ್ಲಿ ಡೈಎಥಿಲೀನ್ ಗ್ಲೈಕಾಲ್ ಅನ್ನುವ ವಿಷ ಸಿಕ್ಕಿತ್ತು. ಆ ಸುದ್ದಿ ಓದಿ ರಾತ್ರಿ ನಿದ್ದೆ ಬರಲಿಲ್ಲ. ಮಗುವಿಗೆ ಕೆಮ್ಮು ಬಂತು ಅಂತ ತಾಯಿ ತನ್ನ ಕೈಯಾರೆ ಕುಡಿಸಿದ ಔಷಧಿ ಅದು. ಆ ವಾರ ಇಲ್ಲಿಗೆ ಹೋದಾಗ ಕೆಮ್ಮಿನ ಸಿರಪ್‌ಗಳನ್ನೆಲ್ಲ ಕೆಳಗಿಳಿಸಿ, ಕಂಪನಿ, ಬ್ಯಾಚ್ ನಂಬರ್ ಒಂದೊಂದಾಗಿ ನೋಡಿ ಟಿಕ್ ಹಾಕುತ್ತಿದ್ದರು. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿ ಸಿರಪ್ ಬೇಡ ಅಂತ ಕೇಂದ್ರ ಆರೋಗ್ಯ ಇಲಾಖೆ ಆಗ ಹೇಳಿತ್ತು. ಇವರು ಅದಕ್ಕೂ ಮೊದಲಿನಿಂದ ಅಕ್ಕನ ಮಗುವಿಗೆ ಕೊಡಲು ಒಪ್ಪಿರಲಿಲ್ಲ.

ಜ್ವರದ ಪ್ಯಾರಾಸಿಟಮಾಲ್‌ನಲ್ಲೂ ಒಂದು ವಿಷಯ ಹೇಳಿಕೊಟ್ಟರು, ಚಿಕ್ಕ ಮಕ್ಕಳಿರುವ ಮನೆಯವರು ದಯವಿಟ್ಟು ಗಮನವಿಟ್ಟು ಓದಿ. ಡ್ರಾಪ್ಸ್ ಬೇರೆ, ಸಿರಪ್ ಬೇರೆ. ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ 1 ಎಂಎಲ್‌ಗೇ 100 ಮಿಲಿಗ್ರಾಂ ಇರುತ್ತೆ. ಸಿರಪ್‌ನಲ್ಲಿ 5 ಎಂಎಲ್‌ಗೆ 120 ಅಥವಾ 250. ಡ್ರಾಪ್ಸ್ ಬಾಟ್ಲಿಯನ್ನು ಸಿರಪ್ ಅಂದುಕೊಂಡು ಒಂದು ಚಮಚ, ಅಂದರೆ 5 ಎಂಎಲ್ ಕುಡಿಸಿಬಿಟ್ಟರೆ 500 ಮಿಲಿಗ್ರಾಂ ಹೋಯಿತು, ಅದು ದೊಡ್ಡವರ ಮಾತ್ರೆಗೆ ಸಮ. ಅವರು ಬಾಟ್ಲಿ ಕೊಡುವಾಗ ಅದರ ಜೊತೆ ಬಂದ ಡ್ರಾಪರ್ ಮೇಲೆ ಪೆನ್ನಿನಲ್ಲಿ ಗೆರೆ ಎಳೆದು "ಇಲ್ಲೀವರೆಗೆ ಮಾತ್ರ" ಅಂತ ತೋರಿಸಿ ಕೊಡುತ್ತಾರೆ. ಮಗುವಿನ ತೂಕ ಕೇಳದೆ ಆ ಗೆರೆ ಎಳೆಯಲ್ಲ. ಪುಡಿ ರೂಪದ ಆಂಟಿಬಯಾಟಿಕ್ ಸಿರಪ್ ಆದರೆ ಕುದಿಸಿ ಆರಿಸಿದ ನೀರು ಗುರುತಿನವರೆಗೆ ಹಾಕಿ, ಚೆನ್ನಾಗಿ ಕುಲುಕಿ, ಕಲಸಿದ ಮೇಲೆ ಎಷ್ಟು ದಿನದೊಳಗೆ ಮುಗಿಸಬೇಕು, ಫ್ರಿಜ್‌ನಲ್ಲಿ ಇಡಬೇಕಾ ಅಂತ ಲೇಬಲ್ ಓದಿ ಹೇಳುತ್ತಾರೆ.

ನಮ್ಮ ಪಕ್ಕದ ಮನೆ ಅಜ್ಜಿಗೆ ಸಂಧಿವಾತಕ್ಕೆ ಮೆಥೊಟ್ರೆಕ್ಸೇಟ್ ಕೊಟ್ಟಿದ್ದಾರೆ. ಅದು ವಾರಕ್ಕೆ ಒಂದೇ ದಿನ ತಗೊಳ್ಳುವ ಮಾತ್ರೆ. ಮಿಕ್ಕ ಮಾತ್ರೆಗಳ ಹಾಗೆ ದಿನಾ ನುಂಗಿದರೆ ರಕ್ತ ತಯಾರಾಗುವುದೇ ನಿಂತು ಪ್ರಾಣಕ್ಕೆ ಕುತ್ತು ಬರಬಹುದು. ಅಜ್ಜಿಗೆ ಇಂಗ್ಲಿಷ್ ಓದಲು ಬರಲ್ಲ. ಮೇಡಂ ಆ ಕವರ್ ಮೇಲೆ ಕೆಂಪು ಪೆನ್ನಿನಲ್ಲಿ ಕನ್ನಡದಲ್ಲಿ ದೊಡ್ಡದಾಗಿ ಬರೆದಿದ್ದರು: ಭಾನುವಾರ ಮಾತ್ರ. ಅಜ್ಜಿ ಕೈಯಲ್ಲೇ ಅದನ್ನು ಜೋರಾಗಿ ಓದಿಸಿದ ಮೇಲೆ ಕಳಿಸಿದ್ದು.

ಸ್ಟಾಕ್ ಬರುವುದು ಬುಧವಾರ, ಅವತ್ತು ಯಜಮಾನರ ಕೆಲಸ ನೋಡಬೇಕು. ಬಂದ ಪ್ರತಿ ಡಬ್ಬಿಯ ಬ್ಯಾಚ್ ನಂಬರ್, ಎಕ್ಸ್‌ಪೈರಿಯನ್ನು ಸಪ್ಲೈಯರ್ ಬಿಲ್ ಜೊತೆ ತಾಳೆ ನೋಡುತ್ತಾರೆ. ಡೋಲೋ, ಆಗ್ಮೆಂಟಿನ್, ಥೈರೋನಾರ್ಮ್ ಥರ ಜಾಸ್ತಿ ಮಾರಾಟವಾಗುವ 300 ಬ್ರ್ಯಾಂಡ್‌ಗಳ ಮೇಲೆ 2023ರ ಆಗಸ್ಟ್‌ನಿಂದ ಕ್ಯೂಆರ್ ಕೋಡ್ ಇರಬೇಕು ಅಂತ ನಿಯಮ ಇದೆ. ಅದನ್ನು ಸ್ಕ್ಯಾನ್ ಮಾಡಿದರೆ ಕಂಪನಿ, ಬ್ಯಾಚ್, ತಯಾರಾದ ದಿನ, ಎಕ್ಸ್‌ಪೈರಿ ಬರುತ್ತೆ, ನಮ್ಮ ಫೋನಿನಲ್ಲೂ ನೋಡಬಹುದು. ಗುಣಮಟ್ಟ ಇಲ್ಲ ಅಂತ ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ ಪ್ರತಿ ತಿಂಗಳು ಬಿಡುಗಡೆ ಮಾಡುವ ಪಟ್ಟಿಯನ್ನೂ ಪ್ರಿಂಟ್ ತೆಗೆದು ಫೈಲ್ ಮಾಡಿದ್ದಾರೆ. 2024ರ ನವೆಂಬರ್‌ನಲ್ಲಿ ಬಳ್ಳಾರಿ ಜಿಲ್ಲಾಸ್ಪತ್ರೆಯಲ್ಲಿ ಹೆರಿಗೆಗೆ ಬಂದ ತಾಯಂದಿರು ತೀರಿಕೊಂಡು, ಅವರಿಗೆ ಹಾಕಿದ ಐವಿ ದ್ರಾವಣದ ಮೇಲೆ ಅನುಮಾನ ಬಂದ ಮೇಲೆ ನಾನೂ ಈ ಪಟ್ಟಿಗಳ ಕಡೆ ಗಮನ ಕೊಡಲು ಶುರು ಮಾಡಿದೆ. ಅಂಗಡಿಯವರು ಎಷ್ಟೇ ಒಳ್ಳೆಯವರಾದರೂ ಫ್ಯಾಕ್ಟರಿಯಲ್ಲೇ ಕೆಟ್ಟದ್ದು ಬಂದರೆ ಕಣ್ಣಲ್ಲಿ ನೋಡಿ ಹೇಳಲು ಆಗಲ್ಲ. ಅವರು ಮಾಡಬಹುದಾದದ್ದು ಬಿಲ್ ಇಲ್ಲದ ಮಾಲು ತಗೊಳ್ಳದೇ ಇರುವುದು, ಬ್ಯಾಚ್ ಬರೆದಿಡುವುದು, ಪಟ್ಟಿಯಲ್ಲಿ ಬಂದರೆ ತಕ್ಷಣ ರ‍್ಯಾಕ್‌ನಿಂದ ತೆಗೆಯುವುದು. ಮೂರನ್ನೂ ಮಾಡುತ್ತಾರೆ.

ಎಕ್ಸ್‌ಪೈರಿ ಆದ ಮಾಲು ಹಿಂದಿನ ಕೋಣೆಯಲ್ಲಿ ಬೇರೆ ಡಬ್ಬಿಯಲ್ಲಿದೆ, ಮೇಲೆ ಮಾರಾಟಕ್ಕಲ್ಲ ಅಂತ ದೊಡ್ಡದಾಗಿ ಬರೆದಿದೆ. ಶೀಟು ಕತ್ತರಿಸುವುದರಲ್ಲೂ ಒಂದು ಕ್ರಮ ಇದೆ. ನಾಲ್ಕೇ ಮಾತ್ರೆ ಬೇಕು ಅಂದರೆ ಎಕ್ಸ್‌ಪೈರಿ ಅಚ್ಚಾಗಿರುವ ತುದಿಯನ್ನು ಉಳಿಸಿಕೊಂಡು ಇನ್ನೊಂದು ತುದಿಯಿಂದ ಕತ್ತರಿಸುತ್ತಾರೆ, ನಮಗೆ ಕೊಡುವ ಕವರ್ ಮೇಲೆ ಬ್ಯಾಚ್, ಎಕ್ಸ್‌ಪೈರಿ ಬರೆದುಕೊಡುತ್ತಾರೆ. ಬಿಲ್ ಕೇಳದೆಯೇ ಬರುತ್ತೆ. ಚೀಟಿಯಲ್ಲಿರುವ ಬ್ರ್ಯಾಂಡ್ ಇಲ್ಲದಿದ್ದರೆ "ಅದೇ ಸರ್, ಕಂಪನಿ ಬೇರೆ ಅಷ್ಟೆ" ಅಂತ ಕೈಗೆ ತುರುಕುವುದಿಲ್ಲ. ಶೆಡ್ಯೂಲ್ ಎಚ್ ಔಷಧಿಯನ್ನು ಡಾಕ್ಟರ್ ಕೇಳದೆ ಬದಲಾಯಿಸುವ ಹಾಗಿಲ್ಲ ಅಂತ ನಿಯಮವೇ ಇದೆ. ಕಮ್ಮಿ ಬೆಲೆಯ ಜೆನೆರಿಕ್ ಬೇಕಾದರೆ ಡಾಕ್ಟರ್ ಹತ್ತಿರ ಬರೆಸಿಕೊಂಡು ಬನ್ನಿ, ಜನೌಷಧಿ ಕೇಂದ್ರದಲ್ಲಿ ಇನ್ನೂ ಕಮ್ಮಿಗೆ ಸಿಗುತ್ತೆ ಅಂತ ಅವರೇ ದಾರಿ ಹೇಳಿದ್ದಾರೆ. ತಮ್ಮ ವ್ಯಾಪಾರ ಬಿಟ್ಟು ಹೀಗೆ ಹೇಳುವವರು ಎಷ್ಟು ಜನ ಸಿಗುತ್ತಾರೆ?

ಕೊರತೆಗಳೂ ಇವೆ. ಕೌಂಟರ್‌ನಲ್ಲಿ ಗುಟ್ಟಾಗಿ ಮಾತಾಡಲು ಜಾಗವೇ ಇಲ್ಲ. ಪ್ರೆಗ್ನೆನ್ಸಿ ಕಿಟ್ ಇರಲಿ, ಮಾನಸಿಕ ಖಾಯಿಲೆಯ ಮಾತ್ರೆ ಇರಲಿ, ಹಿಂದೆ ನಿಂತವರಿಗೆಲ್ಲ ಕೇಳಿಸುತ್ತೆ. ಪಕ್ಕದಲ್ಲಿ ಒಂದು ಮೂಲೆ ಖಾಲಿ ಇದೆ, ಅಲ್ಲಿ ಸಣ್ಣ ಪರದೆ ಹಾಕಿ ಕುರ್ಚಿ ಇಟ್ಟರೆ ಸಾಕು. ವಯಸ್ಸಾದವರು ಕಾಯಲು ಬೆಂಚೂ ಇಲ್ಲ, ಅಮ್ಮನನ್ನು ಕರೆದುಕೊಂಡು ಹೋದರೆ ಸ್ಕೂಟರ್ ಮೇಲೆ ಕೂರಿಸಬೇಕು. ಯಜಮಾನರು ಹಾಕಿಕೊಡುವ ಕವರ್‌ಗಳ ಮೇಲೆ ಬರೀ 1-0-1 ಅಂತ ಇರುತ್ತೆ, ಮೇಡಂ ಹಾಗೆ ಕನ್ನಡದಲ್ಲಿ ಬೆಳಗ್ಗೆ, ರಾತ್ರಿ ಅಂತ ಬರೆದರೆ ಒಳ್ಳೆಯದು. ಬಿಲ್ ಪೇಪರ್ ಎರಡು ತಿಂಗಳಲ್ಲಿ ಅಕ್ಷರ ಮಾಸಿ ಬಿಳಿಯಾಗುತ್ತೆ, ಇನ್ಶೂರೆನ್ಸ್‌ಗೆ ಬೇಕಾದವರು ಅವತ್ತೇ ಫೋಟೋ ತೆಗೆದಿಡಿ. ಕ್ಯಾನ್ಸರ್ ಔಷಧಿ, ಅಪರೂಪದ ಇಂಜೆಕ್ಷನ್ ಸ್ಟಾಕ್ ಇರಲ್ಲ, ತರಿಸಿಕೊಡಲು ಒಂದೆರಡು ದಿನ ಬೇಕು.

ರೇಟಿನ ಬಗ್ಗೆ ಕೇಳುವವರಿಗೆ: ಎಂಆರ್‌ಪಿ ಮೇಲೆ ಐದು ಪರ್ಸೆಂಟ್ ಬಿಡುತ್ತಾರೆ, ತಿಂಗಳ ಔಷಧಿ ಪೂರ್ತಿ ತಗೊಂಡರೆ ಸ್ವಲ್ಪ ಜಾಸ್ತಿ. ಆ್ಯಪ್‌ಗಳಲ್ಲಿ ಇದಕ್ಕಿಂತ ಕಮ್ಮಿಗೆ ಸಿಗುತ್ತೆ, ಅದನ್ನು ಮುಚ್ಚಿಡುವುದಿಲ್ಲ. ನಮ್ಮ ಮನೆಯಲ್ಲಿ ತಿಂಗಳಿಗೆ ಆಗುವ ವ್ಯತ್ಯಾಸ ಒಂದು ಹೊತ್ತಿನ ಹೋಟೆಲ್ ತಿಂಡಿಯಷ್ಟು, ಅದನ್ನು ಸಂತೋಷವಾಗಿ ಕೊಡುತ್ತೇನೆ.

ಬೆಳಗ್ಗೆ ಒಂಬತ್ತರಿಂದ ರಾತ್ರಿ ಒಂಬತ್ತೂವರೆ, ಮಧ್ಯಾಹ್ನ ಎರಡರಿಂದ ಮೂರು ಮೇಡಂ ಇರಲ್ಲ. ಭಾನುವಾರ ಮಧ್ಯಾಹ್ನದ ಮೇಲೆ ರಜೆ. ಸಂಜೆ ಏಳರ ಮೇಲೆ ನೂಕುನುಗ್ಗಲು, ಮಾತಾಡಿ ಕೇಳಿಕೊಳ್ಳುವುದು ಇದ್ದರೆ ಬೆಳಗ್ಗೆ ಹನ್ನೊಂದರ ಹೊತ್ತಿಗೆ ಹೋಗಿ. ಹೋಗುವಾಗ ಈಗ ತಗೊಳ್ಳುತ್ತಿರುವ ಎಲ್ಲ ಮಾತ್ರೆಗಳನ್ನೂ ಒಂದು ಕವರ್‌ನಲ್ಲಿ ಹಾಕಿಕೊಂಡು ಹೋಗಿ, ಆಯುರ್ವೇದದ್ದು, ಕಷಾಯದ ಪುಡಿ ಇದ್ದರೆ ಅದನ್ನೂ. ಔಷಧಿಯಿಂದ ಮೈಗೆ ಏನಾದರೂ ತೊಂದರೆಯಾದರೆ ದೂರು ಕೊಡುವ ಸರ್ಕಾರದ ಉಚಿತ ಸಹಾಯವಾಣಿ 1800-180-3024, ಇದು ಅವರ ಕೌಂಟರ್ ಗಾಜಿನ ಮೇಲೂ ಅಂಟಿಸಿದೆ, ನಿಮ್ಮ ಫೋನಿನಲ್ಲೂ ಸೇವ್ ಮಾಡಿಕೊಳ್ಳಿ. ನನ್ನ ಕಡೆಯಿಂದ ಐದಕ್ಕೆ ನಾಲ್ಕೂವರೆ. ಆ ಮೂಲೆಯಲ್ಲಿ ಪರದೆ, ಹೊರಗೆ ಒಂದು ಬೆಂಚು ಬಂದ ದಿನ ಉಳಿದ ಅರ್ಧವನ್ನೂ ಕೊಡುತ್ತೇನೆ.